ಆಫೀಸಿನ ಪಾರ್ಟಿಷನ್ ಗೋಡೆಯೋ, ಪೀಠೋಪಕರಣವೋ?

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಒಡಿಶಾದ ಮಾಲ್ ಒಂದರ ಪ್ರಕರಣದಲ್ಲಿ (ಸಫಾರಿ ರಿಟ್ರೀಟ್ಸ್) ತೀರ್ಪು ಕೊಟ್ಟಿತು. ಬಾಡಿಗೆಗೆ ಕೊಡಲು ಕಟ್ಟಿದ ಕಟ್ಟಡಕ್ಕೂ ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ (ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗಬಹುದು ಎಂಬ ಆಸೆ ಆಗ ಹುಟ್ಟಿತು. ನವೆಂಬರ್ 20ರಂದು ಅದೇ ನ್ಯಾಯಾಲಯ, ಬೇರೊಂದು ಪ್ರಕರಣದಲ್ಲಿ, ಮೊಬೈಲ್ ಟವರ್ ಸ್ಥಿರಾಸ್ತಿಯಲ್ಲ ಎಂದಿತು. ಕೆಲವೇ ತಿಂಗಳಲ್ಲಿ ಬಂದ 2025ರ ಹಣಕಾಸು ಕಾಯ್ದೆ ಮೊದಲ ಆಸೆಗೆ ತಣ್ಣೀರೆರಚಿತು, ಅದೂ 2017ರ ಜುಲೈ 1ರಿಂದಲೇ ಅನ್ವಯ ಎಂಬ ಷರಾದೊಂದಿಗೆ.

ಇದೇ ಹೊತ್ತಿಗೆ ಕಂಪನಿಗಳು ಸಿಬ್ಬಂದಿಯನ್ನು ಮನೆಯಿಂದ ಆಫೀಸಿಗೆ ಕರೆಯುತ್ತಿದ್ದವು. ಟಿಸಿಎಸ್ 2023ರ ಅಕ್ಟೋಬರ್‌ನಲ್ಲೇ ವಾರದ ಐದೂ ದಿನ ಬನ್ನಿ ಎಂದಿತ್ತು. ಇನ್ಫೊಸಿಸ್ 2025ರ ಮಾರ್ಚ್‌ನಿಂದ ತಿಂಗಳಿಗೆ ಕನಿಷ್ಠ 10 ದಿನ ಎಂದಿತು. ಖಾಲಿ ಬಿದ್ದಿದ್ದ ಹಾಲ್‌ಗಳನ್ನು ಮತ್ತೆ ಪಾಲು ಮಾಡುವ ಕೆಲಸ ಶುರುವಾಯಿತು. ಇಟ್ಟಿಗೆ, ಜಿಪ್ಸಂ ಬೇಡ, ಬೇಕಾದಾಗ ಬಿಚ್ಚಿ ಬೇರೆಡೆ ನಿಲ್ಲಿಸಬಹುದಾದ ಪ್ಯಾನೆಲ್ ಸಾಕು ಎಂದುಕೊಂಡವರಿಗೆ ನಾಲ್ಕು ಕಡೆಯಿಂದ ನಾಲ್ಕು ಮಾತು ಕೇಳಿಬರುತ್ತದೆ. ಮಾರುವವರು "ಇದು ಫರ್ನಿಚರ್ ಸಾರ್, ಪೂರ್ತಿ ಕ್ರೆಡಿಟ್ ಬರುತ್ತೆ" ಅನ್ನುತ್ತಾರೆ. ಆಡಿಟರ್ "ಆ ಬಾಗಿಲನ್ನು ಬಜೆಟ್‌ನಲ್ಲೇ ಮುಚ್ಚಿದರಲ್ಲ" ಅನ್ನುತ್ತಾರೆ. ಫೈರ್ ಕನ್ಸಲ್ಟೆಂಟ್ ಬಂದು "ಇದು ಗೋಡೆ, ಸ್ಪ್ರಿಂಕ್ಲರ್ ಬೇರೆ ಹಾಕಿಸಿ" ಎನ್ನುತ್ತಾರೆ. ಕಟ್ಟಡದ ಮಾಲೀಕರದು "ಖಾಲಿ ಮಾಡುವಾಗ ಅದು ಇಲ್ಲೇ ಇರಲಿ" ಎಂಬ ಮಾತು.

ನಾಲ್ವರೂ ಒಂದೇ ಪ್ಯಾನೆಲ್ ಬಗ್ಗೆ ಮಾತಾಡುತ್ತಿದ್ದಾರೆ, ನಾಲ್ವರೂ ಸರಿಯಾಗಿರಬಹುದು. ಆ ವಸ್ತು ಏನು ಎಂಬುದನ್ನು ಕ್ಯಾಟಲಾಗ್ ತೀರ್ಮಾನಿಸುವುದಿಲ್ಲ. ಅದನ್ನು ಹೇಗೆ ನಿಲ್ಲಿಸಿದ್ದೀರಿ, ಎಷ್ಟು ಎತ್ತರಕ್ಕೆ ನಿಲ್ಲಿಸಿದ್ದೀರಿ ಎಂಬುದೇ ತೀರ್ಮಾನಿಸುತ್ತದೆ. ತೆರಿಗೆಯವರು ಅದರ ಕಾಲು ನೋಡುತ್ತಾರೆ, ಅಗ್ನಿಶಾಮಕದವರು ತಲೆ ನೋಡುತ್ತಾರೆ.

## ವಸ್ತು ಯಾವುದು

ಮಾತಾಡುತ್ತಿರುವುದು ಛಾವಣಿಗೂ ಗೋಡೆಗೂ ತಾಗದೆ ತನ್ನಷ್ಟಕ್ಕೆ ನಿಲ್ಲುವ ಪ್ಯಾನೆಲ್ ಬಗ್ಗೆ. ಒಳಗೆ ಉಕ್ಕಿನ ಅಥವಾ ಅಲ್ಯೂಮಿನಿಯಂ ಚೌಕಟ್ಟು. ಅದರ ಎರಡೂ ಬದಿಗೆ ಸಿಕ್ಕಿಸುವ ಹಲಗೆಗಳಿಗೆ ಈ ವ್ಯಾಪಾರದಲ್ಲಿ 'ಟೈಲ್' ಎನ್ನುತ್ತಾರೆ. ಬಟ್ಟೆ ಹೊದಿಸಿದ ಸಾಫ್ಟ್‌ಬೋರ್ಡ್, ಲ್ಯಾಮಿನೇಟ್ ಅಂಟಿಸಿದ ಪಾರ್ಟಿಕಲ್ ಬೋರ್ಡ್, ಗಾಜು, ಬರೆಯುವ ಬಿಳಿ ಹಲಗೆ, ಹೀಗೆ ಟೈಲ್ ಯಾವುದೂ ಆಗಬಹುದು. ಅಗಲ ಸಾಮಾನ್ಯವಾಗಿ 600ರಿಂದ 1500 ಮಿ.ಮೀ., ಎತ್ತರ 1050ರಿಂದ 1800 ಮಿ.ಮೀ. ಒಳಗೆ ವೈರ್ ಹಾಯಿಸುವ ಮಾದರಿಗಳು 60 ಮಿ.ಮೀ. ಆಸುಪಾಸಿನ ದಪ್ಪ ಇರುತ್ತವೆ, ಬರೀ ಪರದೆಯಂತೆ ನಿಲ್ಲುವವು ಇನ್ನೂ ತೆಳು.

ಪ್ಯಾನೆಲ್‌ಗಿಂತ ಮುಖ್ಯವಾದದ್ದು ಅವುಗಳನ್ನು ಬೆಸೆಯುವ ಕಂಬ. ಎರಡು, ಮೂರು, ನಾಲ್ಕು ದಿಕ್ಕಿನ ಕನೆಕ್ಟರ್‌ಗಳು ಬೇರೆ ಬೇರೆ ಬಿಡಿಭಾಗಗಳು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ತೆರೆದ ತುದಿ ಮುಚ್ಚಲು ಎಂಡ್ ಟ್ರಿಮ್, ಬುಡದಲ್ಲಿ ವೈರ್ ಹೋಗಲು ರೇಸ್‌ವೇ, ಅದರ ಕೆಳಗೆ ನೆಲದ ಏರುತಗ್ಗು ಸರಿದೂಗಿಸುವ ಲೆವೆಲರ್ ಬೋಲ್ಟ್. ಗಾಲಿಯ ಮೇಲೆ ಉರುಳುವ ಪರದೆಗಳೂ ಇದೇ ಕುಟುಂಬದವು. ಅವುಗಳ ಬಗ್ಗೆ ತೆರಿಗೆಯ ತಕರಾರೇ ಇಲ್ಲ, ಆದ್ದರಿಂದ ಅವನ್ನು ಇಲ್ಲಿಗೇ ಬಿಡೋಣ.

## ತೆರಿಗೆಯ ನಂಟು ಹೊಸದಲ್ಲ

ಅಮೆರಿಕದ ಹರ್ಮನ್ ಮಿಲ್ಲರ್ ಕಂಪನಿಗಾಗಿ ರಾಬರ್ಟ್ ಪ್ರಾಪ್ಸ್ಟ್ ರೂಪಿಸಿದ 'ಆ್ಯಕ್ಷನ್ ಆಫೀಸ್' 1964ರಲ್ಲಿ ಬಂತು. ಬಿಚ್ಚಿ ಜೋಡಿಸುವ ಪ್ಯಾನೆಲ್‌ಗಳಿದ್ದ ಎರಡನೇ ಆವೃತ್ತಿ ಬಂದದ್ದು 1968ರಲ್ಲಿ. ಪ್ರಾಪ್ಸ್ಟ್ ಕಲ್ಪನೆಯಲ್ಲಿ ಪ್ಯಾನೆಲ್‌ಗಳು ಅಗಲ ಕೋನದಲ್ಲಿ ತೆರೆದುಕೊಂಡು ಕೆಲಸಗಾರನಿಗೆ ಜಾಗವನ್ನೂ ಏಕಾಂತವನ್ನೂ ಕೊಡಬೇಕಿತ್ತು. ಕೊಂಡ ಕಂಪನಿಗಳು ಅದನ್ನು 90 ಡಿಗ್ರಿಗೆ ಮಡಚಿ ಚೌಕದ ಗೂಡು ಮಾಡಿಕೊಂಡವು.

ಅದು ಅಷ್ಟು ಹಬ್ಬಲು ಚದರಡಿಯ ಉಳಿತಾಯ ಒಂದು ಕಾರಣವಾದರೆ, ಲೆಕ್ಕಪತ್ರ ಇನ್ನೊಂದು ಕಾರಣ. ಗೋಡೆ ಕಟ್ಟಿದರೆ ಅದು ಕಟ್ಟಡದ ಭಾಗ, ಸವಕಳಿ ದಶಕಗಳ ಉದ್ದಕ್ಕೆ ಎಳೆಯುತ್ತದೆ. ಪೀಠೋಪಕರಣವಾದರೆ ಬೇಗ ಕಳೆಯಬಹುದು. ಇಂದಿಗೂ ಅಮೆರಿಕದ ತೆರಿಗೆ ಪದ್ಧತಿಯಲ್ಲಿ ಆಫೀಸ್ ಪೀಠೋಪಕರಣಕ್ಕೆ 7 ವರ್ಷ, ವಾಣಿಜ್ಯ ಕಟ್ಟಡಕ್ಕೆ 39 ವರ್ಷ. 1970ರಲ್ಲೇ ಅಲ್ಲಿನ ಎಂಟನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ, ಮೈನಾಟ್ ಫೆಡರಲ್ ಸೇವಿಂಗ್ಸ್ ಎಂಬ ಹಣಕಾಸು ಸಂಸ್ಥೆಯ ಪ್ರಕರಣದಲ್ಲಿ, ಜಾಗ ಬದಲಿಸಬಹುದಾದ ಪಾರ್ಟಿಷನ್ ಕಟ್ಟಡದ ಭಾಗವಲ್ಲ, ಹೂಡಿಕೆಯ ತೆರಿಗೆ ರಿಯಾಯಿತಿಗೆ ಅರ್ಹ ಎಂದಿತ್ತು. ನಮ್ಮಲ್ಲಿ ಈಗ ಎದ್ದಿರುವ ಪ್ರಶ್ನೆ ಅಲ್ಲಿ ಅರ್ಧ ಶತಮಾನದ ಹಿಂದೆಯೇ ಕಟಕಟೆ ಹತ್ತಿ ಇಳಿದಿದೆ.

ಭಾರತದ ಆದಾಯ ತೆರಿಗೆಯಲ್ಲಿ ಈ ಅಂತರ ಅಷ್ಟು ದೊಡ್ಡದಲ್ಲ. ಪೀಠೋಪಕರಣ ಮತ್ತು ಫಿಟಿಂಗ್‌ಗೆ ಸವಕಳಿ ದರ ಶೇ 10, ವಾಸಕ್ಕಲ್ಲದ ಕಟ್ಟಡಕ್ಕೂ ಶೇ 10. ಹಾಗಾಗಿ ನಮ್ಮ ಜಗಳವೆಲ್ಲ ಜಿಎಸ್‌ಟಿಯಲ್ಲಿ.

## ಪ್ರಶ್ನೆ ಎರಡು, ಬೆರೆಸಿದ್ದರಿಂದ ಗೊಂದಲ

ಪೀಠೋಪಕರಣಕ್ಕೂ ಒಳಾಂಗಣದ ಕಾಮಗಾರಿ ಗುತ್ತಿಗೆಗೂ ಜಿಎಸ್‌ಟಿ ಸಾಮಾನ್ಯವಾಗಿ ಶೇ 18. ಆದ್ದರಿಂದ ದರದಲ್ಲಿ ಜಗಳವಿಲ್ಲ. ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದೇ ಎಂಬುದರಲ್ಲಿದೆ. ಉದಾಹರಣೆಗೆ 10 ಲಕ್ಷ ರೂಪಾಯಿಯ ಪ್ಯಾನೆಲ್‌ಗೆ ತೆರಿಗೆ 1.8 ಲಕ್ಷ. ಕ್ರೆಡಿಟ್ ಸಿಕ್ಕರೆ ಖರ್ಚು 10 ಲಕ್ಷ, ಸಿಗದಿದ್ದರೆ 11.8 ಲಕ್ಷ. (ತೆರಿಗೆ ವಿನಾಯಿತಿ ಇರುವ ಸೇವೆಯನ್ನಷ್ಟೇ ಕೊಡುವ ಶಾಲೆ, ಆಸ್ಪತ್ರೆಗಳಿಗೆ ಮತ್ತು ಕಾಂಪೊಸಿಷನ್ ಪದ್ಧತಿಯವರಿಗೆ ಹೇಗೂ ಕ್ರೆಡಿಟ್ ಇಲ್ಲ. ಅವರಿಗೆ ಈ ಭಾಗ ಅನ್ವಯಿಸದು.)

ಕ್ರೆಡಿಟ್ ತಡೆಯುವುದು ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5). ಅದರ (ಸಿ) ಖಂಡ ಸ್ಥಿರಾಸ್ತಿ ನಿರ್ಮಾಣದ ಕಾಮಗಾರಿ ಗುತ್ತಿಗೆಯನ್ನೂ, (ಡಿ) ಖಂಡ ಸ್ವಂತಕ್ಕೆ ಸ್ಥಿರಾಸ್ತಿ ಕಟ್ಟಿಕೊಳ್ಳಲು ಕೊಂಡ ಸರಕು ಮತ್ತು ಸೇವೆಯನ್ನೂ ಕ್ರೆಡಿಟ್‌ನಿಂದ ಹೊರಗಿಡುತ್ತವೆ. ನವೀಕರಣ, ಸೇರ್ಪಡೆ, ಮಾರ್ಪಾಡು, ದುರಸ್ತಿ ಕೂಡ 'ನಿರ್ಮಾಣ'ವೇ, ಆದರೆ ಆ ಖರ್ಚನ್ನು ಲೆಕ್ಕಪತ್ರದಲ್ಲಿ ಆಸ್ತಿಯಾಗಿ ತೋರಿಸಿದ ಮಟ್ಟಿಗೆ ಮಾತ್ರ.

ಇಲ್ಲಿ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಮೊದಲನೆಯದು, ಈ ವಸ್ತು ಸ್ಥಿರಾಸ್ತಿಯೇ? ಅಲ್ಲ ಎಂದಾದರೆ ಸೆಕ್ಷನ್ 17(5)ರ ಈ ಎರಡು ಖಂಡಗಳು ಅದರ ಹತ್ತಿರ ಸುಳಿಯುವುದೇ ಇಲ್ಲ, ವಿಚಾರ ಅಲ್ಲಿಗೆ ಮುಗಿಯಿತು. ಹೌದು ಎಂದಾದರೆ ಮಾತ್ರ ಎರಡನೆಯದು: ಅದು 'ಸ್ಥಾವರ ಮತ್ತು ಯಂತ್ರ' (ಪ್ಲಾಂಟ್ ಆ್ಯಂಡ್ ಮಷಿನರಿ) ಎಂಬ ವಿನಾಯಿತಿಯಲ್ಲಿ ಬರುತ್ತದೆಯೇ? ಸಫಾರಿ ತೀರ್ಪು ಚರ್ಚಿಸಿದ್ದು ಈ ಎರಡನೆಯದನ್ನು. (ಡಿ) ಖಂಡದಲ್ಲಿ 'ಸ್ಥಾವರ ಅಥವಾ ಯಂತ್ರ' ಎಂದು ಬರೆದಿತ್ತು. ಆ 'ಅಥವಾ'ದಿಂದ ಕಟ್ಟಡವನ್ನೂ ಸ್ಥಾವರ ಎನ್ನಲು ಕಿಟಕಿಯೊಂದು ತೆರೆಯಿತು. 2025ರ ತಿದ್ದುಪಡಿ 'ಅಥವಾ' ತೆಗೆದು 'ಮತ್ತು' ಹಾಕಿತು, ಕಿಟಕಿ ಮುಚ್ಚಿತು. ಮೊದಲ ಪ್ರಶ್ನೆಯನ್ನು ಅದು ಮುಟ್ಟಲೇ ಇಲ್ಲ.

ಮೊದಲ ಪ್ರಶ್ನೆಗೆ ಬೆಳಕು ಕೊಡುವುದು ಟವರ್ ತೀರ್ಪು. ಅದು ಜಿಎಸ್‌ಟಿಗಿಂತ ಹಿಂದಿನ ಸೆನ್‌ವ್ಯಾಟ್ (ಆಗಿನ ತೆರಿಗೆ ಕ್ರೆಡಿಟ್ ಪದ್ಧತಿ) ಕಾಲದ ಪ್ರಕರಣ. ಆದರೆ ಅಲ್ಲಿ ಒರೆಗೆ ಹಚ್ಚಿದ ಅಂಶಗಳು ಸಾರ್ವಕಾಲಿಕ: ವಸ್ತು ಹೇಗೆ ಅಂಟಿಕೊಂಡಿದೆ, ಯಾವ ಉದ್ದೇಶಕ್ಕೆ ಅಂಟಿಕೊಂಡಿದೆ, ಅಂಟಿಸಿದವರ ಇರಾದೆ ಏನು, ಅದರ ಬಳಕೆ ಏನು, ಶಾಶ್ವತವೇ, ಬಿಚ್ಚಿ ಮಾರಲು ಬರುತ್ತದೆಯೇ. ದೆಹಲಿ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಇದೇ ತರ್ಕವನ್ನು ಜಿಎಸ್‌ಟಿಗೂ ತಂದಿತು. ಟವರ್ ಸ್ಥಿರಾಸ್ತಿಯೇ ಅಲ್ಲದ ಮೇಲೆ ಅದು 'ಸ್ಥಾವರ ಮತ್ತು ಯಂತ್ರ'ದ ವ್ಯಾಖ್ಯೆಯಿಂದ ಹೊರಗಿದ್ದರೂ ಕ್ರೆಡಿಟ್‌ಗೆ ಅಡ್ಡಿಯಿಲ್ಲ ಎಂದಿತು.

ಪಾರ್ಟಿಷನ್‌ಗೆ ಇನ್ನೂ ಹತ್ತಿರದ ಉದಾಹರಣೆ ನಮ್ಮಲ್ಲೇ ಇದೆ. ಕೋ-ವರ್ಕಿಂಗ್ ಸಂಸ್ಥೆ ವೀವರ್ಕ್ ಇಂಡಿಯಾದ ಪ್ರಕರಣದಲ್ಲಿ, ಸರಿಸಿ ಒಟ್ಟುಮಾಡಬಹುದಾದ, ಕಳಚಬಹುದಾದ ಗಾಜಿನ ಪಾರ್ಟಿಷನ್‌ಗೆ ಕ್ರೆಡಿಟ್ ಸಲ್ಲುತ್ತದೆ ಎಂದು ಕರ್ನಾಟಕದ ಅಡ್ವಾನ್ಸ್ ರೂಲಿಂಗ್ (ತೆರಿಗೆಯ ಪ್ರಶ್ನೆಗೆ ಮುಂಚಿತವಾಗಿ ಕೊಡುವ ಉತ್ತರ) ಮೇಲ್ಮನವಿ ಪ್ರಾಧಿಕಾರ ಹೇಳಿತ್ತು. ಆದರೆ ಇಂಥ ರೂಲಿಂಗ್ ಕಟ್ಟಿಹಾಕುವುದು ಕೇಳಿದ ಅರ್ಜಿದಾರರನ್ನು ಮತ್ತು ಅವರ ವ್ಯಾಪ್ತಿಯ ಅಧಿಕಾರಿಯನ್ನು ಮಾತ್ರ. ಪಕ್ಕದ ಕಟ್ಟಡದವರು ಅದನ್ನು ತೋರಿಸಬಹುದು, ಅದರ ಮೇಲೆ ಒರಗಿ ಕೂರಲಾಗದು.

## ಇಲಾಖೆ ಎಲ್ಲಿ ಹಿಡಿಯುತ್ತದೆ

ತೆರಿಗೆ ಇಲಾಖೆಯ ವಾದವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕಟ್ಟಡದ ಒಳಗಿನ ಜಾಗದ ರೂಪವನ್ನೇ ಇದು ಬದಲಿಸುತ್ತದೆ, ಅಂದರೆ ಮಾರ್ಪಾಡು. ಲೆಕ್ಕದಲ್ಲಿ ಆಸ್ತಿಯಾಗಿ ತೋರಿಸಿದ್ದೀರಿ. ಹತ್ತು ವರ್ಷವಾದರೂ ಕದಲಿಸಿಲ್ಲ. ಇನ್ನೇನು ಪುರಾವೆ ಬೇಕು, ಎಂದು ಅದು ಕೇಳುತ್ತದೆ. ತೆರಿಗೆದಾರರ ಉತ್ತರ: ಕಪಾಟನ್ನೂ ಹತ್ತು ವರ್ಷ ಕದಲಿಸಿಲ್ಲ, ಅದು ಗೋಡೆಯಾಯಿತೇ?

ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನೆಲಕ್ಕೆ ಒಂದು ಆ್ಯಂಕರ್ ಬೋಲ್ಟ್ ಹೊಡೆದರೂ ಕ್ರೆಡಿಟ್ ಹೋಯಿತು ಎಂದುಕೊಂಡು, ಬೋಲ್ಟ್ ಬೇಕಾದ ಎತ್ತರದ ಪ್ಯಾನೆಲ್‌ಗೂ ಕೆಲವರು ಹಾಕಿಸುವುದಿಲ್ಲ. ಇದು ತಪ್ಪು, ಅಪಾಯಕಾರಿ ಕೂಡ. ಡಾಂಬರು ಮಿಶ್ರಣದ ಘಟಕವೊಂದರ ಪ್ರಕರಣದಲ್ಲಿ (ಸಾಲಿಡ್ ಆ್ಯಂಡ್ ಕರೆಕ್ಟ್ ಎಂಜಿನಿಯರಿಂಗ್, 2010) ಸುಪ್ರೀಂ ಕೋರ್ಟ್, ಅಲುಗಾಡದೆ ನಿಲ್ಲಲೆಂದು ಅಡಿಪಾಯಕ್ಕೆ ನಟ್‌ಬೋಲ್ಟ್ ಬಿಗಿದ ಮಾತ್ರಕ್ಕೆ ಯಂತ್ರ ಸ್ಥಿರಾಸ್ತಿಯಾಗದು ಎಂದಿದೆ. ನೋಡಬೇಕಾದದ್ದು ಬೋಲ್ಟ್ ಇದೆಯೇ ಎಂದಲ್ಲ. ಬಿಚ್ಚಿದಾಗ ಪ್ಯಾನೆಲ್ ಹಾಳಾಗದೆ ಬರುತ್ತದೆಯೇ, ಮತ್ತೆ ನಿಲ್ಲುತ್ತದೆಯೇ ಎಂದು. ಸಿಲಿಕೋನ್ ಸುರಿದು ಗಾಜನ್ನು ಗೋಡೆಗೆ ಬೆಸೆದರೆ, ಜಿಪ್ಸಂ ಬೋರ್ಡ್ ಹೊಡೆದು ಫಾಲ್ಸ್ ಸೀಲಿಂಗ್‌ಗೆ ಸೇರಿಸಿ ಪೇಂಟ್ ಬಳಿದರೆ, ಬಿಚ್ಚಿದಾಗ ಉಳಿಯುವುದು ಚೂರು. ಅಲ್ಲಿಗೆ ಇಲಾಖೆಯ ವಾದ ಬಲವಾಗುತ್ತದೆ.

ವ್ಯವಹಾರದಲ್ಲಿ ಹೆಚ್ಚಿನವರು ಸೋಲುವುದು ಬಿಲ್ಲಿನಲ್ಲಿ. ಒಳಾಂಗಣದ ಗುತ್ತಿಗೆದಾರರಿಗೆ ಫ್ಲೋರಿಂಗ್, ಸೀಲಿಂಗ್, ಪ್ಲಂಬಿಂಗ್, ಪ್ಯಾನೆಲ್ ಎಲ್ಲ ಸೇರಿಸಿ 40 ಲಕ್ಷಕ್ಕೆ ಒಂದೇ ಗುತ್ತಿಗೆ ಕೊಟ್ಟರೆ, ಬಿಲ್‌ನಲ್ಲಿ 'ಇಂಟೀರಿಯರ್ ಕೆಲಸ' ಎಂಬ ಒಂದೇ ಸಾಲು ಬರುತ್ತದೆ. ಆಗ 7.2 ಲಕ್ಷ ತೆರಿಗೆಯೂ ಕಾಮಗಾರಿ ಗುತ್ತಿಗೆಯ ನೆರಳಿಗೆ ಬಿತ್ತು. ಪ್ಯಾನೆಲ್‌ಗೆ ಪ್ರತ್ಯೇಕ ಖರೀದಿ ಆದೇಶ, ಸಂಖ್ಯೆ ಮತ್ತು ಅಳತೆ ನಮೂದಿಸಿದ ಪ್ರತ್ಯೇಕ ಬಿಲ್, ಆಸ್ತಿ ಪಟ್ಟಿಯಲ್ಲಿ ಪೀಠೋಪಕರಣದ ಕೆಳಗೆ ದಾಖಲೆ, ಜೋಡಣೆಯ ಫೋಟೊ, ಮುಂದೆಂದಾದರೂ ಜಾಗ ಬದಲಿಸಿದಾಗ ಅದರ ಫೋಟೊ, ಇಷ್ಟಿದ್ದರೆ ವಾದಕ್ಕೆ ಕಾಲು ಬರುತ್ತದೆ. ತೆರಿಗೆಯ ಮೊತ್ತವನ್ನೂ ಸೇರಿಸಿ ಸವಕಳಿ ಹಾಕಿಕೊಂಡರೆ ಮಾತ್ರ ಸೆಕ್ಷನ್ 16(3)ರ ಪ್ರಕಾರ ಆ ಮೊತ್ತದ ಕ್ರೆಡಿಟ್ ಇಲ್ಲ. ಒಂದೇ ರೂಪಾಯಿಗೆ ಎರಡು ಕಡೆ ಲಾಭ ಇಲ್ಲ.

## ತಲೆ ಎಲ್ಲಿ ಮುಟ್ಟುತ್ತದೆ

ಅಗ್ನಿ ಸುರಕ್ಷತೆಯ ನಿಯಮಕ್ಕೆ ಬೋಲ್ಟ್, ಬಿಲ್ಲು ಯಾವುದೂ ಲೆಕ್ಕಕ್ಕಿಲ್ಲ. ಹೊಗೆ ಮತ್ತು ನೀರಿನ ದಾರಿಗೆ ಅಡ್ಡ ನಿಂತದ್ದೆಲ್ಲ ಅದಕ್ಕೆ ಗೋಡೆ.

ಫಾಲ್ಸ್ ಸೀಲಿಂಗ್ 2.7 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಅಮೆರಿಕದ ಎನ್‌ಎಫ್‌ಪಿಎ 13 ಎಂಬ ಅಗ್ನಿ ಸುರಕ್ಷತೆಯ ಮಾನದಂಡದ ಪ್ರಕಾರ ಸ್ಪ್ರಿಂಕ್ಲರ್‌ನಲ್ಲಿ ನೀರು ಚದುರಿಸುವ ತಟ್ಟೆಯ ಕೆಳಗೆ 457 ಮಿ.ಮೀ. (18 ಅಂಗುಲ) ಜಾಗ ಖಾಲಿ ಇರಬೇಕು. ಇಲ್ಲದಿದ್ದರೆ ನೀರು ಛತ್ರಿಯಂತೆ ಹರಡುವ ಮೊದಲೇ ಪ್ಯಾನೆಲ್‌ಗೆ ಬಡಿದು ಆಚೆ ಬದಿ ಒಣಗಿರುತ್ತದೆ. ಅಂದರೆ ತಟ್ಟೆ ಸೀಲಿಂಗ್ ಮಟ್ಟದಲ್ಲೇ ಇದೆ ಎಂದರೂ ಪ್ಯಾನೆಲ್ ಸುಮಾರು 2.24 ಮೀಟರ್ ದಾಟಬಾರದು. ಹೊಗೆ ಪತ್ತೆ ಸಾಧನದ ಲೆಕ್ಕ ಬೇರೆ. ಎನ್‌ಎಫ್‌ಪಿಎ 72ರಲ್ಲಿ ಪಾರ್ಟಿಷನ್ನಿನ ತಲೆಗೂ ಸೀಲಿಂಗಿಗೂ ನಡುವಿನ ಅಂತರ ಒಟ್ಟು ಎತ್ತರದ ಶೇ 15ಕ್ಕಿಂತ ಕಡಿಮೆಯಾದರೆ, ಎರಡೂ ಬದಿ ಬೇರೆ ಬೇರೆ ಕೋಣೆ ಎಂದೇ ಎಣಿಸಬೇಕು. ನಮ್ಮ ಉದಾಹರಣೆಯಲ್ಲಿ ಅದು 405 ಮಿ.ಮೀ. ಬ್ರಿಟನ್ನಿನ ಬಿಎಸ್ 5839ರಲ್ಲಿ ಈ ಗಡಿ 300 ಮಿ.ಮೀ. ಮೂರೂ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರೆ 2.1 ಮೀಟರ್‌ವರೆಗಿನ ಪ್ಯಾನೆಲ್‌ಗೆ ಹೊಸ ಸ್ಪ್ರಿಂಕ್ಲರ್, ಹೊಸ ಡಿಟೆಕ್ಟರ್ ಬೇಡ. 2.4 ಮೀಟರ್‌ನದಕ್ಕೆ ಬೇಕು. ಪ್ಯಾನೆಲ್‌ನಲ್ಲಿ ಉಳಿಸಿದ್ದು ಪೈಪಿಗೆ ಹೋಗುವುದು ಹೀಗೆ.

ಹೆಚ್ಚು ಜನ ಮರೆಯುವುದು ನಡೆಯುವ ದೂರವನ್ನು. ರಾಷ್ಟ್ರೀಯ ಕಟ್ಟಡ ಸಂಹಿತೆ 2016 ಆಫೀಸ್ ಕಟ್ಟಡದಲ್ಲಿ ಕೂತ ಜಾಗದಿಂದ ನಿರ್ಗಮನದವರೆಗೆ 30 ಮೀಟರ್ ಎನ್ನುತ್ತದೆ, ಸ್ಪ್ರಿಂಕ್ಲರ್ ಇದ್ದರೆ ಇನ್ನಷ್ಟು ಸಡಿಲ. ಈ ದೂರ ನಕ್ಷೆಯ ಮೇಲೆ ಎಳೆದ ನೇರ ಗೆರೆಯದಲ್ಲ, ಕಾಲು ತುಳಿಯುವ ದಾರಿಯದು. ತೆರೆದ ಹಾಲ್‌ನಲ್ಲಿ ಮೂಲೆಯಿಂದ ಬಾಗಿಲಿಗೆ ಕರ್ಣದಲ್ಲಿ 20 ಮೀಟರ್ ಇರುತ್ತದೆ. ಪ್ಯಾನೆಲ್ ಸಾಲು ನಿಂತ ಮೇಲೆ ಅದೇ ಮೂಲೆಯವರು 16 ಮೀಟರ್ ಉದ್ದಕ್ಕೆ, 12 ಮೀಟರ್ ಅಡ್ಡಕ್ಕೆ ನಡೆಯಬೇಕು, ಒಟ್ಟು 28. ದಾರಿಯಲ್ಲಿ ಒಂದು ಸಾಲನ್ನು ಸುತ್ತಿ ಬರಲು 3 ಮೀಟರ್ ಸೇರಿತೆಂದರೆ 31. ಯಾರೂ ಗೋಡೆ ಕಟ್ಟಲಿಲ್ಲ, ಆದರೂ ಮಿತಿ ದಾಟಿತು.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಬೆಂಕಿಯಲ್ಲಿ 9 ಮಂದಿ ಸತ್ತರು. ಅಲ್ಲಿಯದು ಪಾರ್ಟಿಷನ್ ಕಥೆಯಲ್ಲ. ಆದರೆ ಹೊಗೆ ತುಂಬಿದಾಗ ಜನ ದಾರಿ ಕಾಣದೆ ಕಿಟಕಿಗಳತ್ತ ಓಡಿದ್ದನ್ನು ಆ ದಿನ ನಗರವೇ ನೋಡಿತು. ಕಣ್ಣಿನ ಮಟ್ಟಕ್ಕಿಂತ ಎತ್ತರದ ಪ್ಯಾನೆಲ್ ನಿರ್ಗಮನದ ಹಸಿರು ಫಲಕವನ್ನು ಮುಚ್ಚುತ್ತದೆ. ಪ್ಯಾನೆಲ್ ಜೊತೆಗೇ ಫಲಕದ ಜಾಗವನ್ನೂ ಬದಲಿಸಬೇಕು.

ಗಾಳಿಯದೂ ಇದೇ ತಕರಾರು. ಸೀಲಿಂಗ್‌ನಿಂದ ಇಳಿಯುವ ಎಸಿಯ ತಂಪು, ಹಿಂದಿರುಗುವ ಗ್ರಿಲ್‌ನತ್ತ ನೆಲದ ಮಟ್ಟದಲ್ಲಿ ಹರಿಯುತ್ತದೆ. ಬುಡದಲ್ಲಿ ಸಂದಿಯಿಲ್ಲದ 1.8 ಮೀಟರ್ ಪ್ಯಾನೆಲ್ ಅದನ್ನು ತಡೆದು, ಒಂದು ಗೂಡಿನಲ್ಲಿ ಸ್ವೆಟರ್, ಪಕ್ಕದ ಗೂಡಿನಲ್ಲಿ ಟೇಬಲ್ ಫ್ಯಾನ್ ತರಿಸುತ್ತದೆ.

## ಸದ್ದು ನಿಲ್ಲುತ್ತದೆಯೇ

ಪ್ಯಾನೆಲ್ ಕೊಳ್ಳುವವರು ಮೊದಲು ಕೇಳುವುದು ಇದನ್ನೇ, ನಿರಾಶರಾಗುವುದೂ ಇದರಲ್ಲೇ. ಪ್ರಯೋಗಾಲಯದಲ್ಲಿ ಪ್ಯಾನೆಲ್ ಎಷ್ಟೇ ಸದ್ದು ತಡೆದಿರಲಿ, ಆಫೀಸಿನಲ್ಲಿ ಸದ್ದು ಅದರ ಮೂಲಕ ಹಾಯುವುದಿಲ್ಲ, ಮೇಲಿಂದ ಬಾಗಿ, ಸೀಲಿಂಗ್‌ಗೆ ಬಡಿದು ಬರುತ್ತದೆ. ಸೀಲಿಂಗ್ ಗಟ್ಟಿ ಜಿಪ್ಸಂ ಆಗಿದ್ದರೆ ದುಬಾರಿ ಪ್ಯಾನೆಲ್ ಹಾಕಿದ್ದೂ ವ್ಯರ್ಥ. ಮೊದಲ ರೂಪಾಯಿ ಸದ್ದು ಹೀರುವ ಸೀಲಿಂಗ್‌ಗೆ, ಎರಡನೆಯದು ಪ್ಯಾನೆಲ್‌ಗೆ ಎಂಬ ಕ್ರಮ ಅದಕ್ಕೇ.

ಕೂತವರ ಬಾಯಿ, ಕಿವಿ ನೆಲದಿಂದ ಸುಮಾರು 1.2 ಮೀಟರ್ ಎತ್ತರದಲ್ಲಿರುತ್ತವೆ. 1.2 ಮೀಟರ್ ಪ್ಯಾನೆಲ್ ಕಣ್ಣಿಗೆ ಮರೆ, ಕಿವಿಗೆ ಅಲ್ಲ. 1.5 ಮೀಟರ್ ಮೇಲೆ ವ್ಯತ್ಯಾಸ ಕೇಳಿಸತೊಡಗುತ್ತದೆ. ಸರಬರಾಜುದಾರರು ಒಂದೇ ಅಂಕಿ ತೋರಿಸಿದರೆ, ಐಎಸ್‌ಒ 3382-3 ಪ್ರಕಾರ ಅಳೆದು ತೋರಿಸಿ ಎಂದು ಕೇಳಬಹುದು. ಅದು ಪ್ಯಾನೆಲ್ಲನ್ನಲ್ಲ, ಇಡೀ ಹಾಲ್‌ನಲ್ಲಿ ಮಾತು ದೂರ ಹೋದಂತೆ ಎಷ್ಟು ಕುಗ್ಗುತ್ತದೆ ಎಂಬುದನ್ನು ಅಳೆಯುತ್ತದೆ. ದೂರ ದುಪ್ಪಟ್ಟಾದಾಗಲೆಲ್ಲ 7 ಡೆಸಿಬೆಲ್ ಅಥವಾ ಹೆಚ್ಚು ಕುಗ್ಗಿದರೆ ಚೆನ್ನಾದ ಹಾಲ್.

ಸಂಶೋಧನೆಯ ಮಾತು ಎರಡೂ ಪಕ್ಷಕ್ಕೆ ಹಿತವಲ್ಲ. ಪ್ಯಾನೆಲ್ ತೆಗೆದರೆ ಜನ ಬೆರೆಯುತ್ತಾರೆ ಎಂಬ ನಂಬಿಕೆಗೆ 2018ರಲ್ಲಿ ಹಾರ್ವರ್ಡ್‌ನ ಬರ್ನ್‌ಸ್ಟೈನ್ ಮತ್ತು ಟರ್ಬನ್ ಅಧ್ಯಯನ ಪೆಟ್ಟು ಕೊಟ್ಟಿತು. ತೆರೆದ ಆಫೀಸಿಗೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು ಶೇ 70ರಷ್ಟು ಇಳಿದು ಇ-ಮೇಲ್ ಏರಿತ್ತು. ಹಾಗಾದರೆ ಪ್ಯಾನೆಲ್ಲೇ ಪರಿಹಾರ ಎನ್ನುವವರಿಗೆ 2013ರ ಸಿಡ್ನಿ ವಿಶ್ವವಿದ್ಯಾಲಯದ ಕಿಮ್ ಮತ್ತು ಡಿ ಡಿಯರ್ ಅಧ್ಯಯನ ಉತ್ತರ. ಮುನ್ನೂರಕ್ಕೂ ಹೆಚ್ಚು ಕಟ್ಟಡಗಳ ಸಮೀಕ್ಷೆಯಲ್ಲಿ, ಮಾತಿನ ಗೋಪ್ಯತೆ ಇಲ್ಲ ಎಂಬ ಅತೃಪ್ತಿ ಪ್ಯಾನೆಲ್ ಗೂಡಿನವರಲ್ಲೇ ಎದ್ದು ಕಾಣುತ್ತಿತ್ತು. ಕಾರಣ ಊಹಿಸಬಹುದು: ಎದುರಿಗಿರುವವರು ಕಾಣದಿದ್ದರೆ ಅವರು ಕೇಳಿಸಿಕೊಳ್ಳುತ್ತಿಲ್ಲ ಎಂದುಕೊಂಡು ದನಿ ಏರುತ್ತದೆ.

## ಬಿಚ್ಚಿ ಜೋಡಿಸುವಾಗಿನ ಲೆಕ್ಕ

'ಬೇಕಾದಾಗ ಬದಲಿಸಬಹುದು' ಎಂಬ ಮಾತೇ ತೆರಿಗೆ ವಾದದ ಬೆನ್ನೆಲುಬು. ಅದು ನಿಜವಾಗಬೇಕಾದರೆ ಬಿಡಿಭಾಗಗಳ ಲೆಕ್ಕ ಮೊದಲೇ ಕೂಡಬೇಕು.

ಬೆನ್ನು ಬೆನ್ನಿಗೆ ನಾಲ್ವರು ಕೂರುವ ಒಂದು ಗುಂಪು ನೋಡಿ. ನಡುಬೆನ್ನಿಗೆ 1500 ಮಿ.ಮೀ.ನ 2 ಪ್ಯಾನೆಲ್, ಅಡ್ಡಕ್ಕೆ 600 ಮಿ.ಮೀ.ನ 6, ಮಧ್ಯದಲ್ಲಿ ನಾಲ್ಕು ದಿಕ್ಕಿನ ಕಂಬ 1, ತುದಿಗಳಲ್ಲಿ ಮೂರು ದಿಕ್ಕಿನವು 2, ಎಂಡ್ ಟ್ರಿಮ್ 6. ಇಂಥ ಎರಡು ಗುಂಪನ್ನು ಸಾಲಾಗಿ ಬೆಸೆದರೆ ನಡುವಿನ ಕಂಬವೂ ಎರಡು ಅಡ್ಡ ಪ್ಯಾನೆಲ್‌ಗಳೂ ಹಂಚಿಕೆಯಾಗುತ್ತವೆ. ಆಗ ಬೇಕಾಗುವುದು ದೊಡ್ಡ ಪ್ಯಾನೆಲ್ 4, ಸಣ್ಣವು 10, ನಾಲ್ಕು ದಿಕ್ಕಿನ ಕಂಬ 3, ಮೂರು ದಿಕ್ಕಿನವು 2, ಟ್ರಿಮ್ 10. ಕೊಳ್ಳುವಾಗ ಉಳಿತಾಯ. ಎರಡು ವರ್ಷದ ನಂತರ ಗುಂಪುಗಳನ್ನು ಬೇರ್ಪಡಿಸಿದಾಗ ಸಣ್ಣ ಪ್ಯಾನೆಲ್ 2, ಮೂರು ದಿಕ್ಕಿನ ಕಂಬ 2, ಟ್ರಿಮ್ 2 ಕಡಿಮೆ ಬೀಳುತ್ತವೆ, ನಾಲ್ಕು ದಿಕ್ಕಿನ ಕಂಬ 1 ಕೆಲಸಕ್ಕೆ ಬಾರದೆ ಮೂಲೆ ಸೇರುತ್ತದೆ. ಅಷ್ಟರಲ್ಲಿ ಆ ಮಾದರಿ ನಿಂತುಹೋಗಿದ್ದರೆ ಬೇರೆ ಕಂಪನಿಯ ಕಂಬ ಇದಕ್ಕೆ ಕೂರುವುದಿಲ್ಲ. ಕೊನೆಗೆ ಮಿಸ್ತ್ರಿ ಸ್ಕ್ರೂ ಹೊಡೆದು, ಪಟ್ಟಿ ಬಡಿದು ನಿಲ್ಲಿಸುತ್ತಾರೆ, 'ಮಾಡ್ಯುಲರ್' ಎಂಬ ಮಾತು ಅಲ್ಲಿಗೆ ಮುಗಿಯುತ್ತದೆ. ಆದ್ದರಿಂದ ಮೊದಲ ಖರೀದಿಯಲ್ಲೇ ಕಂಬ ಮತ್ತು ಟ್ರಿಮ್‌ಗಳನ್ನು ಒಂದಿಷ್ಟು ಹೆಚ್ಚು ಕೊಂಡಿಡುವುದು ಲೇಸು.

ಕಂಬದ ದಪ್ಪವನ್ನು ನಕ್ಷೆಯಲ್ಲಿ ಮರೆಯುವುದು ಇನ್ನೊಂದು ಎಡವಟ್ಟು. 1500ರ ನಾಲ್ಕು ಪ್ಯಾನೆಲ್ ಎಂದರೆ 6000 ಮಿ.ಮೀ. ಎಂದು ಬರೆದಿರುತ್ತಾರೆ. 60 ಮಿ.ಮೀ.ನ 5 ಕಂಬ ಸೇರಿದರೆ ಸಾಲು 6300. ಆ 300 ಮಿ.ಮೀ. ಬರುವುದು ಓಡಾಡುವ ದಾರಿಯಿಂದ, 1200ರ ದಾರಿ 900 ಆಗುತ್ತದೆ. ಕೆಲವು ಮಾದರಿಗಳಲ್ಲಿ ಅಳತೆ ಕಂಬದ ನಡುವಿನಿಂದ ನಡುವಿಗೆ ಇರುತ್ತದೆ, ಅಲ್ಲಿ ಈ ತೊಂದರೆಯಿಲ್ಲ. ಆದೇಶಕ್ಕೆ ಮೊದಲು ಕೇಳಿ ತಿಳಿಯಬೇಕು.

ಜೋಡಣೆ ಶುರುವಾಗಬೇಕಾದದ್ದು ನೆಲದ ಅತಿ ಎತ್ತರದ ಜಾಗದಿಂದ. ಲೆವೆಲರ್ ಪ್ಯಾನೆಲ್ಲನ್ನು ಎತ್ತಬಲ್ಲದು, ನೆಲಕ್ಕಿಂತ ಕೆಳಗಿಳಿಸಲಾರದು. ತಗ್ಗಿನಿಂದ ಶುರುಮಾಡಿದರೆ ಎತ್ತರದ ಜಾಗ ತಲುಪಿದಾಗ ಬೋಲ್ಟ್ ಪೂರ್ತಿ ಒಳಗೆ ಹೋದರೂ ಮೇಲ್ಅಂಚು ಸಾಲು ಬಿಟ್ಟಿರುತ್ತದೆ. ದಾರ ಹೊಡೆದು ಗುರುತು ಮಾಡಿ, ಚೌಕಟ್ಟುಗಳನ್ನು ಸಡಿಲವಾಗಿ ನಿಲ್ಲಿಸಿ, ರಸಮಟ್ಟ ಹಿಡಿದು ಸಮಮಾಡಿದ ಮೇಲೆಯೇ ಕನೆಕ್ಟರ್ ಬಿಗಿಯಬೇಕು. ನಂತರ ವೈರಿಂಗ್, ಕೊನೆಗೆ ಟೈಲ್. ರೇಸ್‌ವೇನಲ್ಲಿ ಕರೆಂಟಿನ ವೈರಿಗೂ ಡೇಟಾ ಕೇಬಲ್‌ಗೂ ಬೇರೆ ಬೇರೆ ಕಾಲುವೆ ಇರಬೇಕು, ಉಕ್ಕಿನ ಚೌಕಟ್ಟಿಗೆ ಅರ್ಥಿಂಗ್ ಬೇಕೇ ಬೇಕು. ಜೋಡಿಸಿ ಜೋಡಿಸಿ ಎಕ್ಸ್‌ಟೆನ್ಷನ್ ಬೋರ್ಡ್ ಎಳೆಯುವುದು ಬೆಂಕಿಗೆ ಆಹ್ವಾನ.

ಉದ್ದನೆಯ ನೇರ ಸಾಲು ತಾನಾಗಿ ನಿಲ್ಲದು. ಸಾಮಾನ್ಯವಾಗಿ 3 ಮೀಟರ್ ಆಸುಪಾಸಿಗೊಮ್ಮೆ ಅಡ್ಡ ಪ್ಯಾನೆಲ್ ಅಥವಾ ಅಗಲ ಪಾದ ಬೇಕು. ನಿಖರ ಮಿತಿ ಆಯಾ ತಯಾರಕರ ಕೈಪಿಡಿಯಲ್ಲಿರುತ್ತದೆ. ಒಂದೇ ಬದಿಗೆ ಪುಸ್ತಕದ ಶೆಲ್ಫ್ ತೂಗುಹಾಕಿದರೆ ಅಡ್ಡ ಪ್ಯಾನೆಲ್ ಇಲ್ಲದ ಸಾಲು ಆ ಬದಿಗೇ ವಾಲುತ್ತದೆ.

ನಮ್ಮ ಕಡೆಯ ವಿಶೇಷ ಶತ್ರು ನೆಲ ಒರೆಸುವ ನೀರು. ದಿನಾ ಒದ್ದೆ ಬಟ್ಟೆ ತಾಗಿ ಪಾರ್ಟಿಕಲ್ ಬೋರ್ಡ್‌ನ ಬುಡ ಉಬ್ಬುತ್ತದೆ, ಲ್ಯಾಮಿನೇಟ್ ಏಳುತ್ತದೆ. ಬುಡದ 100 ಮಿ.ಮೀ. ಲೋಹದ್ದಾಗಿದ್ದರೆ ಈ ಕಾಟವಿಲ್ಲ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ವಾರಾಂತ್ಯಕ್ಕೆ ಎಸಿ ಆರಿಸಿದ ಹಾಲ್‌ಗಳಲ್ಲಿ ಬಟ್ಟೆಯ ಟೈಲ್‌ಗೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಪಾಲಿಯೆಸ್ಟರ್ ಫೆಲ್ಟ್ ಅಥವಾ ಪೌಡರ್ ಕೋಟಿಂಗ್ ಮಾಡಿದ ಲೋಹ ಬಾಳುತ್ತದೆ.

## ಮುಂದೆ ಏನಾಗಬಹುದು

2025ರ ಫೆಬ್ರವರಿಯಲ್ಲಿ ಕೇಂದ್ರ ಹೊರಡಿಸಿದ ಪೀಠೋಪಕರಣ ಗುಣಮಟ್ಟ ನಿಯಂತ್ರಣ ಆದೇಶದ ಪಟ್ಟಿಯಲ್ಲಿ ಕುರ್ಚಿ, ಸ್ಟೂಲ್, ಮೇಜು, ಕಪಾಟು, ಮಂಚಗಳಿವೆ, ಪ್ಯಾನೆಲ್ ಇಲ್ಲ. ಪ್ಯಾನೆಲ್‌ಗೆ ಹೊಂದಿಸಿದ ಮೇಜು ಆ ಪಟ್ಟಿಗೆ ಬಂದು, ಮೇಜನ್ನು ಹೊತ್ತ ಪ್ಯಾನೆಲ್ ಬರದಿರುವ ವಿಚಿತ್ರ ಸ್ಥಿತಿ ಇದರಿಂದ ಹುಟ್ಟುತ್ತದೆ. ಪ್ಯಾನೆಲ್ ಪಟ್ಟಿಗೆ ಸೇರುವವರೆಗೆ ಖರೀದಿದಾರರಿಗೆ ದಾರಿ ಎಂದರೆ ಯುರೋಪಿನ ಇಎನ್ 1023 ಅಥವಾ ಅಮೆರಿಕದ ಬಿಫ್ಮಾ ಎಕ್ಸ್5.6 ಮಾನದಂಡದ ಪರೀಕ್ಷಾ ವರದಿಯನ್ನು ಟೆಂಡರ್‌ನಲ್ಲೇ ಕೇಳುವುದು.

ತೆರಿಗೆಯಲ್ಲಿ, ಪೂರ್ವಾನ್ವಯ ತಿದ್ದುಪಡಿಯ ಬೆನ್ನಲ್ಲೇ ಹಳೆಯ ವರ್ಷಗಳ ಒಳಾಂಗಣ ಬಿಲ್‌ಗಳಿಗೆ ನೋಟಿಸ್ ಬಂದರೆ ಆಶ್ಚರ್ಯವಿಲ್ಲ. ಪ್ರತ್ಯೇಕ ಬಿಲ್ ಇಟ್ಟವರು ಮೊದಲ ಪ್ರಶ್ನೆಯಲ್ಲೇ ನಿಂತು ವಾದಿಸಬಲ್ಲರು. 'ಇಂಟೀರಿಯರ್ ಕೆಲಸ'ದ ಒಂದೇ ಸಾಲಿನವರು ಎರಡನೆಯದಕ್ಕೆ ಜಾರುತ್ತಾರೆ, ಆ ಕಿಟಕಿ ಈಗ ಮುಚ್ಚಿದೆ. ಕೋ-ವರ್ಕಿಂಗ್ ಸಂಸ್ಥೆಗಳಿಗೆ ಇದರ ಬಿಸಿ ಹೆಚ್ಚು. ಅವರ ವ್ಯಾಪಾರವೇ ಜಾಗವನ್ನು ಮತ್ತೆ ಮತ್ತೆ ಪಾಲು ಮಾಡುವುದು. ಅದೇ ಕಾರಣಕ್ಕೆ, ಬಿಚ್ಚಿ ಸಾಗಿಸಿದ ಪುರಾವೆಯೂ ಅವರಲ್ಲೇ ಹೆಚ್ಚು.

## ಖಾಲಿ ಮಾಡುವ ದಿನ

ಮಾಲೀಕರೊಂದಿಗಿನ ತಕರಾರು ಎಲ್ಲಕ್ಕಿಂತ ಕೊನೆಗೆ ಏಳುತ್ತದೆ. ಬಹಳಷ್ಟು ಬಾಡಿಗೆ ಕರಾರುಗಳಲ್ಲಿ 'ಫಿಕ್ಸ್ಚರ್‌ಗಳು ಮಾಲೀಕರಿಗೆ' ಎಂಬ ಸಾಲಿರುತ್ತದೆ, ಫಿಕ್ಸ್ಚರ್ ಎಂದರೇನು ಎಂಬುದು ಇರುವುದಿಲ್ಲ. ಪ್ಯಾನೆಲ್‌ಗಳ ಸಂಖ್ಯೆ, ಅಳತೆಯ ಪಟ್ಟಿಯನ್ನು ಕರಾರಿನ ಅನುಬಂಧವಾಗಿ ಸೇರಿಸಿ 'ಬಾಡಿಗೆದಾರರ ಚರಾಸ್ತಿ' ಎಂದು ಬರೆಸಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತದೆ: ಮಾಲೀಕರ ತಕರಾರೂ ನಿಲ್ಲುತ್ತದೆ, ತೆರಿಗೆ ಇಲಾಖೆ ಕೇಳುವ 'ಇರಾದೆ'ಗೂ ದಾಖಲೆ ಸಿಗುತ್ತದೆ. ಕರಾರಿನಲ್ಲಿ ಏನೂ ಇಲ್ಲದಿದ್ದರೆ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108(ಎಚ್) ನೆರವಿಗಿದೆ. ಬಾಡಿಗೆದಾರ ತಾನು ಅಂಟಿಸಿದ್ದನ್ನೂ ಬಿಚ್ಚಿ ಒಯ್ಯಬಹುದು, ಜಾಗವನ್ನು ಪಡೆದ ಸ್ಥಿತಿಯಲ್ಲೇ ಬಿಡಬೇಕು. ಅಂದರೆ ಆ್ಯಂಕರ್ ತೂತುಗಳನ್ನು ಮುಚ್ಚಿಸಿ ಕೊಡುವ ಖರ್ಚು ಬಾಡಿಗೆದಾರರದೇ. ಈ ಹಕ್ಕು ಗುತ್ತಿಗೆಯ ಅವಧಿ ಮುಗಿದ ಮೇಲೂ ಉಳಿಯುತ್ತದೆ, ಆದರೆ ಜಾಗ ಸ್ವಾಧೀನದಲ್ಲಿರುವವರೆಗೆ ಮಾತ್ರ. ಕೀಲಿ ಒಪ್ಪಿಸಿದ ಮರುದಿನ ಲಾರಿ ತಂದವರಿಗೆ ಪ್ಯಾನೆಲ್ ಕೇಳುವ ಹಕ್ಕು ಉಳಿದಿರುವುದಿಲ್ಲ.